ಒಂದೇ ಕವರು

ಅಹ್ಮದ್ ಪಾಷಾ ಅವರ ಬಾಯಿಂದ ಹೊರತೆಗೆದ ಎಕ್ಸ್‌ರೇ ಸೆನ್ಸರನ್ನು ರೇವತಿ ಸ್ಪಿರಿಟ್ ಹತ್ತಿಯಿಂದ ಒಂದು ಸಲ ಸವರಿದಳು. ಅದರ ಮೇಲಿದ್ದ ಪ್ಲಾಸ್ಟಿಕ್ ಕವರನ್ನು ಕಳಚದೆ ಹಾಗೇ ಕೊಕ್ಕೆಗೆ ನೇತುಹಾಕಿದಳು. ಬಾಗಿಲಲ್ಲಿ ನಿಂತಿದ್ದ ಸುಕನ್ಯ ಅದನ್ನು ಕಂಡು ತನ್ನ ಕಣ್ಣನ್ನೇ ನಂಬದೆ ಅಲ್ಲೇ ನಿಂತಳು. ಪಾಷಾ ದವಡೆ ಸವರಿಕೊಳ್ಳುತ್ತ ಹೊರಗಿನ ಹಾಲ್‌ಗೆ ಹೋದರು. ಶಾಲೆಯ ಯೂನಿಫಾರ್ಮ್ ಹಾಕಿದ್ದ ಹುಡುಗಿಯೊಬ್ಬಳು ಒಳಗೆ ಬಂದು ಕುರ್ಚಿ ಹತ್ತಿ ಕೂತು ಬಾಯಿ ತೆರೆದಳು. ರೇವತಿ ಅದೇ ಸೆನ್ಸರನ್ನು, ಅದೇ ಕವರಿನ ಸಮೇತ, ಕೈಗೆತ್ತಿಕೊಂಡಳು.

"ರೇವತಿ, ನಿಲ್ಸು!"

"ಯಾಕ್ ಮೇಡಂ?" ರೇವತಿ ತಿರುಗಿ ನೋಡಿದಳು. ಸಿಕ್ಕಿಬಿದ್ದವಳ ಗಾಬರಿ ಅವಳ ಮುಖದಲ್ಲಿ ಒಂದಿಷ್ಟೂ ಇರಲಿಲ್ಲ. ಸುಕನ್ಯಳನ್ನು ಹೆದರಿಸಿದ್ದು ಅದೇ.

"ಕವರ್ ಚೇಂಜ್ ಮಾಡಲ್ವಾ?"

"ಬೆಳಗ್ಗೆ ಹಾಕಿದೀನಲ್ಲಾ ಮೇಡಂ. ಊಟ ಆದ್ಮೇಲೆ ಇನ್ನೊಂದು ಹಾಕ್ತೀನಿ. ಮಧ್ಯದಲ್ಲಿ ಹರಿದ್ರೂ ಚೇಂಜ್ ಮಾಡ್ತೀನಿ. ಸರ್ ಹಂಗೇ ಹೇಳಿರೋದು."

ಸೆನ್ಸರ್ ಎಂದರೆ ಹೆಬ್ಬೆರಳಿನಷ್ಟು ಅಗಲದ ಚಪ್ಪಟೆ ತುಂಡು, ಹಿಂದೆ ಬಾಲದಂತೆ ಒಂದು ವೈರು. ಹಲ್ಲಿನ ಹಿಂದೆ, ಒಸಡಿಗೆ ಒತ್ತಿ ಇಟ್ಟರೆ ಪಕ್ಕದ ಕಂಪ್ಯೂಟರಿನಲ್ಲಿ ಹಲ್ಲಿನ ಬೇರಿನವರೆಗೂ ಚಿತ್ರ ಮೂಡುತ್ತದೆ. ಅದನ್ನು ಕುದಿಸುವಂತಿಲ್ಲ, ಬೇರೆ ಉಪಕರಣಗಳ ಹಾಗೆ ಹಬೆಯಲ್ಲಿ ಇಡುವಂತಿಲ್ಲ, ಕೆಟ್ಟುಹೋಗುತ್ತದೆ. ಅದಕ್ಕೇ ಪ್ರತಿಯೊಬ್ಬರಿಗೂ ಹೊಸ ಕವರು ಹಾಕಬೇಕು. ಕೆಲಸ ಮುಗಿದ ಮೇಲೆ ಕವರು ಕಸಕ್ಕೆ ಹೋಗಬೇಕು, ಸೆನ್ಸರನ್ನು ಔಷಧದಲ್ಲಿ ಒರೆಸಬೇಕು, ಕೈಗೆ ಬೇರೆ ಗ್ಲೌಸು ಹಾಕಬೇಕು. ಡೆಂಟಲ್ ಕಾಲೇಜಿನಲ್ಲಿ ಒಂದು ಹಲ್ಲನ್ನೂ ಮುಟ್ಟುವ ಮೊದಲೇ ಕಲಿಸುವ ಪಾಠ ಇದು.

ಸುಕನ್ಯ ಹಲಸೂರಿನ ಈ ಕ್ಲಿನಿಕ್ಕಿಗೆ ಸೇರಿ ವರ್ಷವಾಗುತ್ತ ಬಂದಿತ್ತು. ಎಕ್ಸ್‌ರೇ ತೆಗೆಯುವುದು ರೇವತಿಯ ಕೆಲಸ. ಪಕ್ಕದ ಕೋಣೆಯಲ್ಲಿ ಕೂತ ಸುಕನ್ಯಳಿಗೆ ಕಾಣುತ್ತಿದ್ದದ್ದು ಪರದೆಯ ಮೇಲಿನ ಚಿತ್ರ ಮಾತ್ರ. ಆ ಚಿತ್ರಗಳನ್ನು ನೋಡಿ ಎಷ್ಟೋ ಜನರಿಗೆ ಧೈರ್ಯ ಹೇಳಿ ಕಳಿಸಿದ್ದಳು. ಈಗ ಅದೆಲ್ಲ ನೆನಪಾಗಿ ಮೈ ಉರಿಯಿತು. ತಾನೇ ಎದುರು ನಿಂತು ಹುಡುಗಿಗೆ ಹೊಸ ಕವರು ಹಾಕಿಸಿದಳು. ಮರುಕ್ಷಣವೇ ಡಾಕ್ಟರ್ ಶ್ರೀನಿವಾಸರ ಕೋಣೆಗೆ ನುಗ್ಗಿದಳು.

ಶ್ರೀನಿವಾಸ್ ಕ್ಲಿನಿಕ್ಕಿನ ಯಜಮಾನರು. ಅವರ ಕೈ ಒಳ್ಳೆಯದು ಎಂಬ ಮಾತು ಜೋಗುಪಾಳ್ಯದಿಂದ ಇಂದಿರಾನಗರದವರೆಗೂ ಇತ್ತು. ಸೂಜಿ ಚುಚ್ಚಿದ್ದೇ ಗೊತ್ತಾಗುವುದಿಲ್ಲ ಎಂದು ಜನ ಹೇಳುತ್ತಿದ್ದರು. ಮಕ್ಕಳು ಕೂಡ ಅವರ ಹತ್ತಿರ ಅಳುತ್ತಿರಲಿಲ್ಲ. ಬೇರೆಲ್ಲರೂ ಅನುಭವ ಇಲ್ಲ ಎಂದು ವಾಪಸು ಕಳಿಸಿದಾಗ ಸುಕನ್ಯಳನ್ನು ಕರೆದು ಕೆಲಸ ಕೊಟ್ಟವರೂ ಅವರೇ.

"ಸರ್, ಎಕ್ಸ್‌ರೇ ತೆಗೆಯೋವಾಗ ಎಲ್ಲರಿಗೂ ಒಂದೇ ಕವರ್ ಹಾಕ್ತಿದಾರೆ."

"ಒರೆಸ್ತಾರಲ್ಲಮ್ಮ."

"ಒರೆಸಿದ್ರೆ ಸಾಕಾಗಲ್ಲ ಸರ್. ಒಸಡಿಂದ ರಕ್ತ ಬಂದಿರುತ್ತೆ, ಕಣ್ಣಿಗೂ ಕಾಣಲ್ಲ."

"ಸುಕನ್ಯಾ, ನಾವೇನು ಹಾರ್ಟ್ ಆಪರೇಷನ್ ಮಾಡ್ತಿದೀವಾ? ಒಂದು ಫೋಟೋ ತೆಗೀತೀವಿ, ಅಷ್ಟೆ. ಇಷ್ಟು ವರ್ಷದಲ್ಲಿ ನಮ್ಮಲ್ಲಿ ಬಂದೋರಿಗೆ ಯಾರಿಗಾದ್ರೂ ಏನಾದ್ರೂ ಆಗಿದ್ಯಾ?"

"ಆಗಿದ್ರೆ ನಮಗೆ ಹೆಂಗ್ ಗೊತ್ತಾಗುತ್ತೆ ಸರ್? ಲಿವರ್ ಕೆಟ್ಟೋರು ಹಲ್ಲಿನ ಡಾಕ್ಟರ್ ಹತ್ರ ಬಂದು ಹೇಳ್ತಾರಾ?"

ಶ್ರೀನಿವಾಸ್ ನಕ್ಕರು. ಚಿಕ್ಕ ಮಕ್ಕಳ ಹಟಕ್ಕೆ ದೊಡ್ಡವರು ನಗುವ ನಗು. "ಕಾಲೇಜಿಂದ ಹೊಸದಾಗಿ ಬಂದಾಗ ನಾನೂ ಹಿಂಗೇ ಇದ್ದೆ. ಸ್ಟಾಕ್ ಬರ್ಲಿ, ನೋಡೋಣ. ಹೋಗಮ್ಮ, ಪೇಷಂಟ್ಸ್ ಕಾಯ್ತಿದಾರೆ."

ಸುಕನ್ಯ ಹೊರಗೆ ಬಂದಳು. ಬೈಸಿಕೊಂಡಿದ್ದರೆ ಇಷ್ಟು ಅವಮಾನವಾಗುತ್ತಿರಲಿಲ್ಲ. ಆ ನಗು ಅವಳನ್ನು ಸುಡುತ್ತಿತ್ತು.

ಭಗವಂತರಾಯ ಮತ್ತು ಜಯಮಾಲಾ ಅವತ್ತೇ ಬರಬೇಕೇ! ಬರಹೇಳಿದ್ದವಳೂ ಸುಕನ್ಯಳೇ.

ಸುಕನ್ಯಳ ಮನೆ ಮಹದೇವಪುರದಲ್ಲಿ. ಅವಳ ಅಪ್ಪ ಮುನಿನಾರಾಯಣಪ್ಪ ಒಂದು ಕಾಲಕ್ಕೆ ರಾಗಿ, ಅವರೆ ಬೆಳೆಯುತ್ತಿದ್ದ ಹೊಲದಲ್ಲಿ ಸಾಲಾಗಿ ಒಂದೊಂದೇ ಕೋಣೆಯ ಮನೆಗಳನ್ನು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದ. ಅಲ್ಲಿರುವವರೆಲ್ಲ ಹೆಚ್ಚಾಗಿ ಕಲಬುರಗಿ, ಯಾದಗಿರಿ ಕಡೆಯಿಂದ ದುಡಿಯಲು ಬಂದವರು. ಎಲ್ಲರಿಗೂ ಅಂಗಳದಲ್ಲಿ ಒಂದೇ ನಲ್ಲಿ. ಕೊನೆಯ ಕೋಣೆಯ ಭಗವಂತರಾಯ ಟೈಲ್ಸ್ ಹಾಕುವವನು. ಅವನ ಹೆಂಡತಿ ಜಯಮಾಲಾ ಟೆಕ್ ಪಾರ್ಕೊಂದರ ಕ್ಯಾಂಟೀನಿನಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಹಿಂದಿನ ದಿನ ನಲ್ಲಿಯ ಹತ್ತಿರ ಅವನ ಒಂದು ಕೆನ್ನೆ ಊದಿ ಕಣ್ಣು ಅರ್ಧ ಮುಚ್ಚಿದ್ದನ್ನು ಸುಕನ್ಯ ನೋಡಿದ್ದಳು. "ಗುಳಿಗಿ ನುಂಗೀನ್ರಿ, ಇಳೀತದ" ಎಂದು ಅವನು ಹೇಳಿದರೂ ಬಿಡದೆ, ನಾಳೆ ಕ್ಲಿನಿಕ್ಕಿಗೆ ಬನ್ನಿ ಎಂದು ಒತ್ತಾಯ ಮಾಡಿದ್ದಳು.

ಕ್ಲಿನಿಕ್ಕಿನ ಹಾಲ್‌ನಲ್ಲಿ ಮುಂದಿನ ಮೇಜನ್ನೂ ರೇವತಿಯೇ ನೋಡಿಕೊಳ್ಳುತ್ತಿದ್ದಳು. ಹೆಸರು, ವಯಸ್ಸು ಕೇಳಿದ ಮೇಲೆ ಎಲ್ಲರಿಗೂ ಕೇಳುವ ಹಾಗೆ ಕೇಳಿದಳು. "ಶುಗರ್, ಬಿಪಿ ಇದ್ಯಾ? ಬೇರೆ ಏನಾದ್ರೂ ಕಾಯಿಲೆ?"

ಭಗವಂತರಾಯ ಒಮ್ಮೆ ಹೆಂಡತಿಯ ಕಡೆ ನೋಡಿ, ಮೇಜಿನ ಮೇಲೆ ಬಾಗಿ ಮೆಲ್ಲಗೆ ಏನೋ ಹೇಳಿದ. ಹೊರಗೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು.

"ಕೇಳಿಸ್ಲಿಲ್ಲ. ಸ್ವಲ್ಪ ಜೋರಾಗಿ ಹೇಳಿ."

"ಹೆಪಟೈಟಿಸ್ ಬಿ ಅದರಿ. ಸೈಟಿನಾಗ ರಕ್ತದಾನ ಮಾಡಿದಾಗ ತಿಳೀತ್ರಿ. ದವಾಖಾನಿಗಿ ತೋರಿಸ್ಲಕತ್ತೀನ್ರಿ."

ಹಾರ್ನ್ ನಿಂತಿತ್ತು. ಅವನ ಮಾತು ಇಡೀ ಹಾಲ್‌ಗೆ ಕೇಳಿಸಿತು. ರೇವತಿ ಕುರ್ಚಿಯಿಂದ ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಶ್ರೀನಿವಾಸ್ ಮಾಸ್ಕನ್ನು ಮೂಗಿನ ಮೇಲಕ್ಕೆಳೆದುಕೊಳ್ಳುತ್ತ ಹೊರಗೆ ಬಂದು ದೂರದಲ್ಲೇ ನಿಂತರು.

"ಅಲ್ಲೇ ಇರಿ, ಮುಂದೆ ಬರ್ಬೇಡಿ. ನಿಮಗೆ ಇಲ್ಲಿ ಎಕ್ಸ್‌ರೇ ತೆಗೆಯೋಕೆ ಆಗಲ್ಲ. ನಿಮ್ಮ ಬಾಯಲ್ಲಿ ಇಟ್ಟ ಸೆನ್ಸರ್ ಆಮೇಲೆ ಬೇರೆಯವರಿಗೆ ಹಾಕೋಕಾಗುತ್ತಾ? ಗೌರ್ಮೆಂಟ್ ಆಸ್ಪತ್ರೆಗೆ ಹೋಗಿ. ರೇವತಿ, ಆ ಚೇರಿಗೆ ಸ್ಪ್ರೇ ಹೊಡಿ."

ರೇವತಿ ಬಾಟಲಿ ತಂದು ಅವನು ಕೂತಿದ್ದ ಕುರ್ಚಿಗೆ, ಒರಗಿ ನಿಂತಿದ್ದ ಮೇಜಿಗೆ, ಬಾಗಿಲ ಹಿಡಿಗೆ ಔಷಧ ಸಿಂಪಡಿಸಿದಳು. ಪಕ್ಕದಲ್ಲಿದ್ದ ಹೆಂಗಸು ಬ್ಯಾಗನ್ನು ಮಡಿಲಿಗೆ ಎಳೆದುಕೊಂಡಳು. ಶಾಲೆಯ ಹುಡುಗಿಯ ತಾಯಿ ಮಗಳನ್ನು ಇನ್ನೊಂದು ಮೂಲೆಗೆ ಕರೆದುಕೊಂಡು ಹೋದಳು. ಭಗವಂತರಾಯ ಊದಿದ ಕೆನ್ನೆಯ ಮೇಲೆ ಅಂಗೈ ಇಟ್ಟುಕೊಂಡು ನೆಲ ನೋಡುತ್ತ ನಿಂತ. ಆ ನೆಲಕ್ಕೆ ಹಾಕಿದ್ದ ಟೈಲ್ಸನ್ನೇ ಎಣಿಸುತ್ತಿದ್ದಾನೇನೋ ಎಂಬ ಹಾಗೆ.

ಜಯಮಾಲಾ ಮಾತ್ರ ತಲೆ ತಗ್ಗಿಸಲಿಲ್ಲ. "ನೀವು ಕೇಳಿದ್ದಕ್ಕ ಅವರು ಖರೇ ಹೇಳ್ಯಾರ್ರಿ. ಸುಳ್ಳ ಹೇಳಿದ್ದರ ಒಳಗ ಕರೀತಿದ್ರಿ, ಹೌದಿಲ್ರಿ?"

ಆ ಮಾತು ಸುಕನ್ಯಳನ್ನು ಕೋಣೆಯಿಂದ ಎಳೆದು ತಂದಿತು. ಬೆಳಗಿನಿಂದ ಹಲ್ಲು ಕಚ್ಚಿ ತಡೆದಿದ್ದ ಸಿಟ್ಟು ನೆತ್ತಿಗೇರಿತು.

"ಸರ್, ಅವರು ಕೇಳ್ತಿರೋದ್ರಲ್ಲಿ ಏನು ತಪ್ಪಿದೆ? ಇವರು ಹೇಳಿದ್ರು, ಗೊತ್ತಾಯ್ತು. ಹೇಳದೇ ಇರೋರು, ತಮಗೇ ಗೊತ್ತಿಲ್ದೇ ಇರೋರು ಎಷ್ಟು ಜನ ಆ ಕುರ್ಚಿ ಮೇಲೆ ಕೂತು ಎದ್ದು ಹೋಗಿದಾರೋ! ಬಂದೋರಿಗೆಲ್ಲ ಕಾಯಿಲೆ ಇದೆ ಅಂದ್ಕೊಂಡೇ ಕೆಲಸ ಮಾಡ್ಬೇಕು ಅಂತ ತಾನೇ ನಾವು ಓದಿರೋದು? ಹಾಗೆ ಮಾಡಿದ್ರೆ ಇವರನ್ನ ಆಚೆ ಕಳಿಸೋ ಪ್ರಮೇಯನೇ ಬರ್ತಿರಲಿಲ್ಲ."

"ಸುಕನ್ಯಾ, ಒಳಗೆ ಹೋಗು."

ಅಷ್ಟರಲ್ಲಿ ಕಿಟಕಿಯ ಪಕ್ಕ ಕೂತಿದ್ದ ಅಹ್ಮದ್ ಪಾಷಾ ಗಂಟಲು ಸರಿಮಾಡಿಕೊಂಡರು. ಶಿವಾಜಿನಗರದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದವರು, ಶ್ರೀನಿವಾಸರ ಹಳೆಯ ಪೇಷಂಟು.

"ಡಾಕ್ಟರ್ ಸಾಬ್, ಒಂದು ಮಾತು. ಈಗ ನಂದು ಎಕ್ಸ್‌ರೇ ತೆಗೆದ್ರಲ್ಲಾ, ಆ ಪ್ಲಾಸ್ಟಿಕ್ಕು ನಂದೇನಾ? ಇಲ್ಲಾ ನನಗಿಂತ ಮೊದ್ಲು ಬಂದೋರದ್ದಾ?"

"ಏನ್ ಪಾಷಾ ಅವ್ರೇ, ಎಷ್ಟು ವರ್ಷದಿಂದ ಬರ್ತಿದೀರಿ. ಎಲ್ಲರಿಗೂ ಹೊಸದೇ ಹಾಕೋದು. ಬೇಕಾದ್ರೆ ನಮ್ಮ ಸುಕನ್ಯಾ ಡಾಕ್ಟರನ್ನೇ ಕೇಳಿ," ಎಂದರು ಶ್ರೀನಿವಾಸ್.

ಎಲ್ಲರೂ ಅವಳ ಕಡೆ ತಿರುಗಿದರು. ಹೌದು ಎಂದುಬಿಡುತ್ತಾಳೆ ಎಂಬ ನಂಬಿಕೆ ಶ್ರೀನಿವಾಸರ ಕಣ್ಣಲ್ಲಿ ಇತ್ತು. ಕೆಲಸ ಕೊಟ್ಟ ಮನುಷ್ಯ, ಕೈ ಹಿಡಿದು ಹಲ್ಲಿನ ರೂಟ್ ಕೆನಾಲ್ ಹುಡುಕುವುದನ್ನು ಕಲಿಸಿದ ಮನುಷ್ಯ. ಆದರೆ ಸುಕನ್ಯಳ ಕಣ್ಣೆದುರಿಗೇ ಭಗವಂತರಾಯ ಒದ್ದೆ ಕುರ್ಚಿಯ ಪಕ್ಕ ನಿಂತಿದ್ದ.

"ಇಲ್ಲ ಪಾಷಾ ಅವರೇ. ನಿಮಗೆ ಹಾಕಿದ್ದು ಹೊಸದಲ್ಲ. ಬೆಳಗ್ಗೆಯಿಂದ ಬಂದವರಿಗೆಲ್ಲ ಅದೇ ಕವರ್ ಹಾಕಿದಾರೆ. ಈ ಮಗುಗೆ ಮಾತ್ರ ನಾನು ನಿಂತು ಬದಲಾಯಿಸ್ದೆ."

ಪಾಷಾ ಕೈವಸ್ತ್ರ ತೆಗೆದು ತುಟಿ ಒರೆಸಿಕೊಂಡರು, ಒರೆಸಿದರೆ ಹೋಗುವಂಥದ್ದು ಎಂಬಂತೆ. ಮೂಲೆಯಲ್ಲಿದ್ದ ತಾಯಿ ಮಗಳ ಗಲ್ಲ ಹಿಡಿದು ಬಾಯಿ ತೆರೆಸಿ ನೋಡತೊಡಗಿದಳು. ಬ್ಯಾಗನ್ನು ಮಡಿಲಿಗೆ ಎಳೆದುಕೊಂಡಿದ್ದ ಹೆಂಗಸು ಎದ್ದು ನಿಂತು, "ಹೋದ ವಾರ ನನಗೂ ತೆಗೆದ್ರಲ್ರೀ! ಅದಕ್ಕೆ ಯಾರು ಹೊಣೆ?" ಎಂದು ಕೂಗಿದಳು. ಯಾರ ಪ್ರಶ್ನೆಗೂ ಕಿವಿಗೊಡದೆ ಶ್ರೀನಿವಾಸ್ ಸುಕನ್ಯಳ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ನಾಳೆಯಿಂದ ನೀನು ಬರೋದು ಬೇಡ" ಎಂದರು.

"ನಾಳೆವರೆಗೂ ಯಾಕೆ ಸರ್?" ಸುಕನ್ಯ ಬಿಳಿ ಕೋಟನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಗಂಡ ಹೆಂಡತಿಯನ್ನು ಕರೆದುಕೊಂಡು ಹೊರಗೆ ನಡೆದಳು.

ಆಟೋ ಹತ್ತಿಸಿ ಅವರನ್ನು ಕರೆದುಕೊಂಡು ಹೋದದ್ದು ಶಿವಾಜಿನಗರಕ್ಕೆ. ಅಲ್ಲಿ ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ಇಕ್ಕಟ್ಟಾದ ಮೆಟ್ಟಿಲು ಹತ್ತಿದರೆ, ಅವಳ ಕಾಲೇಜು ಗೆಳತಿ ಆತಿಕಾಳ ಕ್ಲಿನಿಕ್ಕು. ಒಂದೇ ಕುರ್ಚಿ, ಗೋಡೆಯಲ್ಲಿ ಬಿರುಕು ಬಿಟ್ಟ ಸುಣ್ಣ, ಕೆಳಗಿನಿಂದ ಮಾಂಸದ ಅಂಗಡಿಗಳ ವಾಸನೆ. ಭಗವಂತರಾಯ ಬಾಗಿಲಲ್ಲೇ ನಿಂತುಕೊಂಡ. ಮತ್ತೆ ಯಾರಾದರೂ ಕೇಳುವ ಮೊದಲು ತಾನೇ ಹೇಳಿ ಮುಗಿಸಿಬಿಡಬೇಕೆಂದು, "ನನಗ ಹೆಪಟೈಟಿಸ್ ಬಿ ಅದರಿ. ಮೊದಲೇ ಹೇಳ್ತೀನ್ರಿ," ಎಂದ.

"ಹೇಳಿದ್ದು ಒಳ್ಳೇದಾಯ್ತು. ಅದಕ್ಕೆ ಸರಿಹೋಗೋ ಮಾತ್ರೆ ಬರೀಬೇಕಲ್ಲ, ಅದಕ್ಕೆ ನನಗೆ ಗೊತ್ತಿರ್ಬೇಕು. ಬನ್ನಿ, ಕೂತ್ಕೊಳ್ಳಿ," ಎಂದಳು ಆತಿಕಾ.

ಅವಳು ಕೈ ತೊಳೆದು ಹೊಸ ಗ್ಲೌಸು ಹಾಕಿಕೊಂಡಳು. ಅವನ ಕಣ್ಣೆದುರೇ ಹೊಸ ಕವರನ್ನು ಸೆನ್ಸರಿಗೆ ತೊಡಿಸಿದಳು. ಸೆನ್ಸರನ್ನು ಹಿಡಿದಿಡುವ ಕಡ್ಡಿಯನ್ನು ಹಬೆಯಲ್ಲಿಟ್ಟು ಮೊಹರು ಮಾಡಿದ ಪೊಟ್ಟಣದಿಂದ ಹರಿದು ತೆಗೆದಳು. ಗುಂಡಿ ಒತ್ತುವ ಕೆಲಸ ಸುಕನ್ಯಳದ್ದು. ಬಾಯಿಗೆ ಹೋದ ಕೈ ಕಂಪ್ಯೂಟರಿಗೆ ಹೋಗಲಿಲ್ಲ. ಚಿತ್ರ ಬಂದ ಮೇಲೆ ಕವರು, ಗ್ಲೌಸು ಎರಡೂ ಆಸ್ಪತ್ರೆ ಕಸದ ಕೆಂಪು ಚೀಲಕ್ಕೆ ಬಿದ್ದವು. ಸೆನ್ಸರು, ವೈರು, ಕುರ್ಚಿಯ ತಲೆದಿಂಬು ಎಲ್ಲವನ್ನೂ ಔಷಧದಲ್ಲಿ ಒರೆಸಿದ್ದಾಯಿತು.

ಭಗವಂತರಾಯ ಎಲ್ಲವನ್ನೂ ಕಣ್ಣಲ್ಲೇ ಹಿಂಬಾಲಿಸುತ್ತಿದ್ದ. "ಇಷ್ಟೇನ್ರಿ?" ಎಂದ.

"ಇಷ್ಟೇ. ನಿಮಗಿಂತ ಮೊದ್ಲು ಬಂದವರಿಗೂ ಇಷ್ಟೇ, ಆಮೇಲೆ ಬರೋರಿಗೂ ಇಷ್ಟೇ."

"ಮತ್ತ ಅಲ್ಲಿ ಯಾಕ ಅಷ್ಟು ಒದರಿದರು?"

ಆತಿಕಾ ಕೀವು ತೆಗೆದಳು, ಹಲ್ಲಿನ ಬೇರಿಗೆ ಔಷಧ ತುಂಬಿದಳು, ಇನ್ನೂ ಎರಡು ಮೂರು ಸಲ ಬರಬೇಕೆಂದಳು. ಸಂಜೆಯ ಹೊತ್ತಿಗೆ ಅವನ ನೋವು ಇಳಿದಿತ್ತು. ಸುಕನ್ಯಳ ಸಿಟ್ಟು ಮಾತ್ರ ಇಳಿದಿರಲಿಲ್ಲ.

ಮನೆಗೆ ಬಂದವಳೇ ಅಪ್ಪ ಅಮ್ಮನ ಮುಂದೆ ಎಲ್ಲವನ್ನೂ ಕಾರಿಕೊಂಡಳು. ಅಡುಗೆಮನೆಯ ಬಾಗಿಲಲ್ಲಿ ನಿಂತೇ ಹೇಳಿದಳು. ಕವರಿನ ವಿಷಯ, ಶ್ರೀನಿವಾಸರ ನಗು, ಸ್ಪ್ರೇ ಬಾಟಲಿ, ಪಾಷಾ ಕೇಳಿದ ಪ್ರಶ್ನೆ. ಹೇಳುತ್ತ ಹೇಳುತ್ತ, "ಪಾಪ ಆ ಭಗವಂತರಾಯ! ನೆಲಕ್ಕಿಳಿದುಹೋದ ಕಣಮ್ಮ" ಎಂದೂ ಹೇಳಿಬಿಟ್ಟಳು. ಬಾಯಿಂದ ಹೆಸರು ಹೊರಬಿದ್ದದ್ದು ಅವಳ ಗಮನಕ್ಕೇ ಬರಲಿಲ್ಲ.

ಮುದ್ದೆ ಮುರಿಯುತ್ತಿದ್ದ ಮುನಿನಾರಾಯಣಪ್ಪನ ಕೈ ನಿಂತಿತು. "ಯಾವ ಭಗವಂತರಾಯ? ನಮ್ಮ ಕೊನೇ ರೂಮಿನವ್ನಾ?"

"ಹೂಂ. ಅದೇನು ನೀರಿಂದ ಬರಲ್ಲ, ಮುಟ್ಟಿದ್ರೆ ಬರಲ್ಲ, ಜೊತೆಗೆ ಕೂತು ಉಂಡ್ರೂ ಬರಲ್ಲ ಅಪ್ಪ. ರಕ್ತ ರಕ್ತಕ್ಕೆ ಸೇರಿದ್ರೆ, ಇಲ್ಲಾ ಗಂಡ ಹೆಂಡ್ತಿ ಮಧ್ಯೆ ಬರ್ಬಹುದು ಅಷ್ಟೇ. ಅವನ ಹೆಂಡ್ತಿಗೆ ಲಸಿಕೆನೂ ಆಗಿದೆ."

ಅಪ್ಪ ತಲೆಯಾಡಿಸಿದ. ಅರ್ಥವಾಯಿತು ಎಂದುಕೊಂಡು ಸುಕನ್ಯ ಕೈ ತೊಳೆಯಲು ಹೋದಳು.

ಮರುದಿನ ಬೆಳಗ್ಗೆ ಜಯಮಾಲಾ ಗೇಟಿನ ಹೊರಗೆ ನಿಂತು, "ಡಾಕ್ಟ್ರೇ, ಹೊರಗ ಬರ್ರಿ" ಎಂದು ಕರೆದಳು. ಯಾವಾಗಲೂ "ಯಕ್ಕಾ" ಎನ್ನುತ್ತಿದ್ದವಳು ಅವತ್ತು ಹಾಗೆ ಕರೆಯಲಿಲ್ಲ. ಒಳಗೆ ಬಾ ಎಂದರೂ ಬರಲಿಲ್ಲ.

"ನಿಮ್ಮ ಅಪ್ಪಾರು ಬಂದಿದ್ರು ನಳದ ಹತ್ರ. ಎಲ್ಲಾ ಮನಿಯವರು ನೀರ್ ಹಿಡೀಲಕತ್ತಾಗ. ಇವನಿಗಿ ದೊಡ್ಡ ರೋಗ ಅದ, ರೂಮ್ ಖಾಲಿ ಮಾಡು, ಅಲ್ಲೀತನ ನಳ ಮುಟ್ಟಬ್ಯಾಡ ಅಂದ್ರು. ಮಂದಿಯೆಲ್ಲಾ ಕೊಡ ತಗೊಂಡು ದೂರ ಸರದ್ರು. ನಮ್ಮ ಮನಿಯವರು ತುಂಬಿದ ಕೊಡ ಅಲ್ಲೇ ಬಿಟ್ಟು ಬಂದಾರ್ರಿ."

ಸುಕನ್ಯಳಿಗೆ ಕಪಾಳಕ್ಕೆ ಬಾರಿಸಿದಂತಾಯಿತು. "ಜಯಮಾಲಾ, ನಾನು ಕೆಟ್ಟ ಉದ್ದೇಶದಿಂದ ಹೇಳ್ಲಿಲ್ಲ. ಆ ಕ್ಲಿನಿಕ್ಕಿನ ಮೇಲಿನ ಸಿಟ್ಟಲ್ಲಿ..."

"ಆ ಡಾಕ್ಟ್ರು ಹಾಲ್‌ನಾಗ ಒದರಿದ, ನೀವು ಮನ್ಯಾಗ ಒದರಿದ್ರಿ. ಫರಕ್ ಏನದರಿ?"

"ತಪ್ಪಾಯ್ತು."

"ಹೇಳಬ್ಯಾಡ್ರಿ ಅಂತ ಡಾಕ್ಟ್ರಿಗಿ ನಾವು ಹೇಳಬೇಕಾಗಿತ್ತೇನ್ರಿ? ನಿಮಗ ತಿಳೀತಿದ್ದಿಲ್ಲಾ? ನಿಮಗ ಸಿಟ್ಟು ಬಂದದ, ಛಲೋ ಆತು. ಆ ಸಿಟ್ಟಿನಾಗ ನಮ್ಮನ್ನ ಯಾಕ ಸುಡ್ತೀರಿ?"

ಅವಳು ತಿರುಗಿ ಹೋದಳು. ಸುಕನ್ಯ ಗೇಟು ಹಿಡಿದುಕೊಂಡು ಎಷ್ಟೋ ಹೊತ್ತು ನಿಂತಿದ್ದಳು. ನಿನ್ನೆಯಿಡೀ ತಾನೊಬ್ಬಳೇ ನ್ಯಾಯದ ಪರ ನಿಂತವಳು ಎಂಬ ಬಿಸಿಯಲ್ಲಿದ್ದಳು. ಆ ಬಿಸಿಯಲ್ಲೇ, ಕಾಯಿಲೆಯ ಮನುಷ್ಯ ನಂಬಿ ಹೇಳಿದ್ದನ್ನು ಊಟದ ತಟ್ಟೆಯ ಮುಂದೆ ಚೆಲ್ಲಿದ್ದಳು. ತನ್ನ ಮೇಲೆ ಹುಟ್ಟಿದ ಸಿಟ್ಟು, ಅಪ್ಪನ ಮೇಲಿನ ಸಿಟ್ಟು ಎರಡೂ ಒಂದಾಗಿ ಅವಳನ್ನು ಹಿತ್ತಲಿಗೆ ನೂಕಿದವು. ಮುನಿನಾರಾಯಣಪ್ಪ ಪೈಪು ಹಿಡಿದು ಬಾಳೆಗಿಡಗಳಿಗೆ ನೀರು ಬಿಡುತ್ತಿದ್ದ.

"ಅಪ್ಪಾ, ನಲ್ಲಿಯಿಂದ ಬರಲ್ಲ ಅಂತ ನಿನ್ನೆ ತಾನೇ ಹೇಳಿದ್ನಲ್ಲಾ?"

"ನೀನು ಓದಿರೋಳು, ನಿಂಗೆ ಗೊತ್ತು. ಜನಕ್ಕೆ ಗೊತ್ತಾ? ಅಲ್ಲಿ ಮಕ್ಳು ಮರಿ ಅವೆ. ನಾಳೆ ಯಾರ್ಗಾನ ಏನಾನ ಆದ್ರೆ ನನ್ನ ಬಾಗ್ಲಿಗೆ ಬರ್ತಾರೆ. ಅವನೇನು ಒಳ್ಳೇವ್ನೇ, ನಾನು ಇಲ್ಲ ಅನ್ನಲ್ಲ. ಬೇರೆ ಕಡೆ ಓಗ್ಲಿ."

"ಒಳ್ಳೇವ್ನನ್ನ ಎಲ್ಲರ ಮುಂದೆ ನಲ್ಲಿ ಮುಟ್ಟಬೇಡ ಅಂದ್ಯಲ್ಲಾ! ನಿನ್ನ ಬಾಯಲ್ಲಿ ಆ ಮಾತು ಹೆಂಗ್ ಬಂತಪ್ಪಾ?"

"ಇನ್ನೇನು ಮಾಡ್ಲಿ? ರೋಗ ಇಟ್ಕಂಡು..."

"ಯಾರ ಹತ್ರ ಇದೆ, ಯಾರ ಹತ್ರ ಇಲ್ಲ ಅಂತ ನಿಂಗೆ ಗೊತ್ತಾ? ಯುಗಾದಿ ಆದ್ಮೇಲೆ ನಿನ್ನ ದವಡೆ ಹಲ್ಲಿಗೆ ಎಕ್ಸ್‌ರೇ ಎಲ್ಲಿ ತೆಗೆಸಿದ್ದು?"

ವಾದದ ಭರದಲ್ಲಿ ಆಡಿದ ಮಾತು ಅದು. ಆಡಿ ಮುಗಿಸಿದ ಮೇಲೆ ಅದರ ಅರ್ಥ ಅವಳಿಗೇ ತಟ್ಟಿತು. ಅಪ್ಪನನ್ನು ಕರೆದುಕೊಂಡು ಹೋಗಿ ಆ ಕುರ್ಚಿಯ ಮೇಲೆ ಕೂರಿಸಿದ್ದು ಅವಳೇ. ಅದೇ ಸೆನ್ಸರು, ಅದೇ ರೇವತಿ, ಯಾರ್ಯಾರದ್ದೋ ಬಾಯಿಗೆ ಹೋಗಿ ಬಂದ ಕವರು. ಅವತ್ತು ಅಪ್ಪನ ಒಸಡಿಂದ ರಕ್ತ ಬಂದಿತ್ತು ಎಂಬುದೂ ನೆನಪಾಯಿತು.

ಮುನಿನಾರಾಯಣಪ್ಪ ಮಗಳನ್ನೇ ನೋಡುತ್ತ ನಿಂತ. ಪೈಪಿನ ನೀರು ಪಾತಿ ತುಂಬಿ ಅವನ ಚಪ್ಪಲಿಯ ಮೇಲೆ ಹರಿಯಿತು.

ಅವತ್ತೇ ಅವಳು ಅಪ್ಪನನ್ನು ಕೆ.ಆರ್. ಪುರದ ಲ್ಯಾಬೊಂದಕ್ಕೆ ಕರೆದುಕೊಂಡು ಹೋದಳು. ಬೆಂಚಿನ ಮೇಲೆ ಕೂತ ಮುನಿನಾರಾಯಣಪ್ಪ ಬಾಗಿಲ ಕಡೆ ನೋಡುವುದು, ಹೆಗಲ ಮೇಲಿನ ಟವೆಲ್ಲನ್ನು ಮುಖಕ್ಕೆ ಒತ್ತಿಕೊಳ್ಳುವುದು ಮಾಡುತ್ತಿದ್ದ. ಕೊನೆಗೆ ಮಗಳ ಕಿವಿಯ ಹತ್ತಿರ ಬಾಗಿದ.

"ಆ ಹುಡುಗಿಗೆ ಹೇಳಮ್ಮಾ, ನನ್ನ ಹೆಸ್ರು ಜೋರಾಗಿ ಕೂಗ್ಬೇಡ ಅಂತ. ಯಾವ ಪರೀಕ್ಷೆ ಅಂತಾನೂ ಹೇಳೋದು ಬೇಡ. ಇಲ್ಲಿ ನಮ್ಮೂರೋರು ಯಾರಾನ ಇದ್ದಾರು."

ಸುಕನ್ಯಳಿಗೆ ಅಳು ಬಂತೋ ಕೋಪ ಬಂತೋ ತಿಳಿಯಲಿಲ್ಲ. "ಹೇಳ್ತೀನಪ್ಪಾ. ಅವಳು ಕೂಗಲ್ಲ, ಕೂಗಬಾರದು ಕೂಡ. ಆದ್ರೆ ಭಗವಂತರಾಯನ ಹೆಸರು ಕೂಗಿದ್ದು ಯಾರು? ನಾನು ಮನೇಲಿ ಕೂಗಿದೆ, ನೀನು ನಲ್ಲಿ ಹತ್ರ ಕೂಗಿದೆ."

ಮುನಿನಾರಾಯಣಪ್ಪ ರಕ್ತ ಕೊಡುವಾಗ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ.

ಪರೀಕ್ಷೆಯಲ್ಲಿ ಏನೂ ಇಲ್ಲ ಎಂದು ಬಂತು. ಆದರೂ ಎಕ್ಸ್‌ರೇ ತೆಗೆಸಿ ಹೆಚ್ಚು ದಿನವಾಗಿಲ್ಲ, ಕೆಲವು ತಿಂಗಳ ಮೇಲೆ ಇನ್ನೊಮ್ಮೆ ನೋಡಬೇಕು, ಅಷ್ಟರಲ್ಲಿ ಲಸಿಕೆಯನ್ನೂ ಶುರುಮಾಡಿ ಎಂದರು ಡಾಕ್ಟರು.

"ಅಲ್ಲೀಗಂಟ ನಾನೇನು ಮಾಡ್ಲಿ?" ಎಂದು ಕೇಳಿದ ಮುನಿನಾರಾಯಣಪ್ಪ.

"ಎಲ್ಲರ ಜೊತೆ ಊಟ ಮಾಡು, ಎಲ್ಲರ ಜೊತೆ ಓಡಾಡು. ನಲ್ಲಿನೂ ಮುಟ್ಟು," ಎಂದಳು ಸುಕನ್ಯ.

ಅವನು ಎರಡು ದಿನ ಮಂಕಾಗಿ ಕೂತ. ಆಮೇಲೆ ಒಂದು ಬೆಳಗ್ಗೆ ತಾನಾಗಿಯೇ ಎದ್ದು ಸಾಲುಮನೆಗಳ ಕಡೆ ಹೊರಟ. ಸುಕನ್ಯಳೂ ಹಿಂದೆ ಹೋದಳು. ಕೊನೆಯ ಕೋಣೆಯ ಮುಂದೆ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬಿಟ್ಟಿದ್ದರು. ಭಗವಂತರಾಯ ಹಾಸಿಗೆ ಸುತ್ತುತ್ತಿದ್ದ. ಜಯಮಾಲಾ ಬಾಗಿಲಿಗೆ ಅಡ್ಡವಾಗಿ ನಿಂತಳು.

ಮುನಿನಾರಾಯಣಪ್ಪ ಅತ್ತಿತ್ತ ನೋಡಿ, ತಗ್ಗಿದ ದನಿಯಲ್ಲಿ, "ಓಗೋದೇನೂ ಬೇಡ. ಇಲ್ಲೇ ಇರ್ರಿ," ಎಂದ.

"ಕೇಳಿಸ್ಲಿಲ್ರಿ," ಎಂದಳು ಜಯಮಾಲಾ.

"ಇರ್ರಿ ಅಂದೆ."

"ಹೋಗು ಅಂತ ಎಲ್ಲಾರ ಮುಂದ ಅಂದ್ರಿ. ಇರು ಅಂತ ನಮ್ಮ ಬಾಗಿಲಿಗಿ ಬಂದು ಪಿಸಿಪಿಸಿ ಅಂತೀರಲ್ರಿ. ಅಲ್ಲಿ ನಿಂತು ಅನ್ರಿ. ಇಲ್ಲಾಂದ್ರ ನಾವು ಹೋಗ್ತೀವಿ. ಬೆಂಗಳೂರಾಗ ನಿಮ್ಮದೊಂದೇ ಮನಿ ಇಲ್ರಿ."

"ಸುಮ್ನಿರ, ಹಿರೇರು ಅದಾರ," ಎಂದ ಭಗವಂತರಾಯ ಒಳಗಿನಿಂದ.

"ನೀವು ಸುಮ್ನಿರ್ರಿ. ಕೊಡ ಬಿಟ್ಟು ಬಂದವರು ನೀವೇ ಅಲ್ಲೇನು?"

ಮುನಿನಾರಾಯಣಪ್ಪನ ಮುಖ ಕೆಂಪಾಯಿತು. ಇದೇ ಊರಲ್ಲಿ ಹುಟ್ಟಿ, ಇದೇ ಮಣ್ಣಲ್ಲಿ ಯಜಮಾನನಾಗಿ ಬಾಳಿದವನು. ಬಾಡಿಗೆಗೆ ಇರುವ ಹೆಂಗಸೊಬ್ಬಳು ಹೀಗೆ ಎದುರು ನಿಂತು ಮಾತಾಡಿದ್ದು ಇದೇ ಮೊದಲು. ಬೈದುಬಿಡುತ್ತಾನೆ ಎಂದು ಸುಕನ್ಯ ಹೆದರಿದಳು. ಆದರೆ ಅವನು ನಿಧಾನವಾಗಿ ನಲ್ಲಿಯ ಕಡೆ ನಡೆದ. ಅಲ್ಲಿ ನೀರಿಗೆ ನಿಂತಿದ್ದವರು ಜಾಗ ಬಿಟ್ಟರು.

"ನೋಡ್ರಪ್ಪಾ," ಎಂದ. ಕೆಮ್ಮಿ ಮತ್ತೆ ಶುರುಮಾಡಿದ. "ಅವತ್ತು ನಾನು ಅಂದಿದ್ದು ತಪ್ಪು. ಈ ಕಾಯ್ಲೆ ನೀರಿಂದ ಬರಲ್ಲ, ಮುಟ್ಟಿದ್ರೂ ಬರಲ್ಲ. ಭಗವಂತರಾಯ ಇಲ್ಲೇ ಇರ್ತಾನೆ. ನಾನೂ ಮೊನ್ನೆ ಅದೇ ಪರೀಕ್ಷೆ ಮಾಡಿಸ್ಕಂಡೆ, ಇನ್ನೊಂದು ದಪ ಮಾಡಿಸ್ಬೇಕಂತೆ. ಯಾರ್ಗಾನ ಅನುಮಾನ ಇದ್ರೆ ನನ್ನ ಮಗಳನ್ನ ಕೇಳ್ರಿ."

ಅವನು ತನ್ನ ಪರೀಕ್ಷೆಯ ವಿಷಯವನ್ನೂ ಹೇಳುತ್ತಾನೆಂದು ಸುಕನ್ಯ ಎಣಿಸಿರಲಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ಬಂದು ಭಗವಂತರಾಯನ ಕೈ ಹಿಡಿಯಲಿಲ್ಲ. ಒಬ್ಬಿಬ್ಬರು ಆಮೇಲೆಯೂ ನಲ್ಲಿಯ ಬಾಯಿಯನ್ನು ತೊಳೆದೇ ಕೊಡ ಇಡುತ್ತಿದ್ದರು. ಆದರೆ ಗೋಣಿಚೀಲದಿಂದ ಪಾತ್ರೆಗಳು ಮತ್ತೆ ಕೋಣೆಗೆ ಹೋದವು. ಮುಂದಿನ ಭಾನುವಾರ ಸಾಲುಮನೆಯವರಲ್ಲಿ ಬಹಳ ಜನ ಸರ್ಕಾರಿ ಆಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡು ಲಸಿಕೆ ಹಾಕಿಸಿಕೊಂಡು ಬಂದರು.

ಸುಕನ್ಯ ಆತಿಕಾಳ ಕ್ಲಿನಿಕ್ಕಿನಲ್ಲೇ ಕೆಲಸಕ್ಕೆ ಕೂತಳು. ಹಲಸೂರಿನ ಕ್ಲಿನಿಕ್ಕಿನ ಮೇಲೆ ಡೆಂಟಲ್ ಕೌನ್ಸಿಲ್ಲಿಗೆ ದೂರು ಬರೆದಳು. ವಿಚಾರಣೆಗೆ ಕರೆಯುತ್ತೇವೆ ಎಂದು ಉತ್ತರ ಬಂತು. ಅದು ತಿಳಿದ ದಿನ ಶ್ರೀನಿವಾಸ್ ಫೋನ್ ಮಾಡಿದರು.

"ಈಗ ಎಲ್ಲರಿಗೂ ಹೊಸ ಕವರ್ ಹಾಕ್ತಿದೀವಿ ಸುಕನ್ಯಾ. ನಿನಗೆ ಬೇಕಾಗಿದ್ದು ಅದೇ ತಾನೇ? ದೂರು ವಾಪಸ್ ತಗೋ."

"ಅಷ್ಟು ಜನರ ಬಾಯಲ್ಲಿ ಇಟ್ಟಿದ್ರಲ್ಲಾ ಸರ್, ಅವರಿಗೆ ಯಾರು ಹೇಳ್ತಾರೆ? ಅವರನ್ನೆಲ್ಲ ಕರೆದು ಪರೀಕ್ಷೆ ಮಾಡಿಸ್ಕೊಳ್ಳಿ ಅಂತ ಹೇಳಿದ್ರಾ?"

ಆ ಕಡೆಯಿಂದ ಲೈನು ಕಡಿದುಹೋಯಿತು.

ಭಗವಂತರಾಯನ ಹಲ್ಲಿಗೆ ಕೊನೆಯ ಸಲ ಔಷಧ ತುಂಬಿ ಮುಚ್ಚುವ ದಿನ ಜಯಮಾಲಾಳೂ ಬಂದಿದ್ದಳು. ಅಷ್ಟು ದಿನ ಸುಕನ್ಯಳ ಜೊತೆ ಅವಳು ಬೇಕಾದಷ್ಟೇ ಮಾತಾಡುತ್ತಿದ್ದಳು. ಅವತ್ತು ಗಂಡ ಕುರ್ಚಿಯಿಂದ ಇಳಿದ ಮೇಲೆ ಕೇಳಿದಳು. "ಆ ದೂರಿನಾಗ ನಮ್ಮ ಸುದ್ದಿ ಬರದೀರೇನ್ರಿ?"

"ಇಲ್ಲ. ಕವರಿನ ವಿಷಯ ಮಾತ್ರ ಬರೆದಿದೀನಿ. ನಿಮ್ಮನ್ನ ಕೇಳ್ದೇ ಮತ್ತೆ ಹೆಸರು ಎತ್ತಬಾರದು ಅಂತ."

ಜಯಮಾಲಾ ಗಂಡನ ಮುಖ ನೋಡಿದಳು. ಭಗವಂತರಾಯ ಮರಗಟ್ಟಿದ ತುಟಿಯನ್ನು ಅಂಗೈಯಿಂದ ಒರೆಸಿಕೊಂಡ.

"ಖರೇ ಹೇಳಿದವನಿಗಿ ಹೊರಗ ಹಾಕಿದ ಸುದ್ದಿ ಇಲ್ದೇ ದೂರು ಹ್ಯಾಂಗ ಪೂರಾ ಆಗ್ತದ್ರಿ?" ಎಂದ. ಬಾಯಿ ಜೋಮು ಹಿಡಿದಿದ್ದರಿಂದ ಮಾತು ತೊದಲಿತು. "ನನ್ನ ಹೆಸರು ಬರ್ಕೋರಿ. ಕರದ್ರ ನಾನೇ ಬಂದು ಹೇಳ್ತೀನಿ."

"ನಾನೂ ಬರ್ತೀನಿ," ಎಂದಳು ಜಯಮಾಲಾ. "ಯಾವತ್ತು ಅಂತ ಮುಂಚೆ ಹೇಳ್ರಿ ಯಕ್ಕಾ, ಕ್ಯಾಂಟೀನಿಗಿ ರಜಾ ಹಾಕಬೇಕು."